ಅಂಕಿತ, ಊರು, ಇನಿಷಿಯಲ್

ಗುಬ್ಬಿಯಲ್ಲಿ ಇಬ್ಬರು ಮಲ್ಲಣರು ಆಗಿಹೋದರು. ಒಬ್ಬ ತಾತ, ಇನ್ನೊಬ್ಬ ಮೊಮ್ಮಗ. ತಾತ ಹದಿನೈದನೆಯ ಶತಮಾನದಲ್ಲಿ ‘ಗಣಭಾಷ್ಯ ರತ್ನಮಾಲೆ’ ಬರೆದವನು. ಮೊಮ್ಮಗ 1513ರಲ್ಲಿ ‘ಭಾವಚಿಂತಾರತ್ನ’ವನ್ನೂ 1530ರಲ್ಲಿ ‘ವೀರಶೈವಾಮೃತ ಪುರಾಣ’ವನ್ನೂ ಬರೆದವನು. ತಾತನ ಹೆಸರನ್ನು ಮೊಮ್ಮಗನಿಗೆ ಇಡುವುದು ನಮ್ಮಲ್ಲಿ ಇವತ್ತಿಗೂ ಉಳಿದಿರುವ ಪದ್ಧತಿ. ಆದರೆ ಇಬ್ಬರೂ ಬರೆಯುವವರಾಗಿಬಿಟ್ಟರೆ ಸಾಹಿತ್ಯ ಚರಿತ್ರೆಕಾರರಿಗೆ ಪೇಚು. ಅವರು ತಾತನನ್ನು ಮಲ್ಲಣ ಎಂದೂ ಮೊಮ್ಮಗನನ್ನು ಮಲ್ಲಣಾರ್ಯ ಎಂದೂ ಕರೆದು ಹೇಗೋ ಬಿಡಿಸಿಕೊಂಡಿದ್ದಾರೆ. ಎರಡರ ಹಿಂದೆಯೂ ‘ಗುಬ್ಬಿ’ ಮಾತ್ರ ಹಾಗೆಯೇ ನಿಂತಿದೆ. ಈ ಕಾಲದ ಹೊಸ ಕವಿಗೆ ಇಂಥ ಸಂದರ್ಭ ಬಂದರೆ ಮೊದಲು ಮಾಡುವ ಕೆಲಸ ತನಗೊಂದು ಬೇರೆ ಹೆಸರು ಹುಡುಕಿಕೊಳ್ಳುವುದು. ಮಲ್ಲಣಾರ್ಯ ಆ ಗೋಜಿಗೆ ಹೋಗಲಿಲ್ಲ. ತಾನು ಯಾರ ಮೊಮ್ಮಗ, ಯಾವ ಊರಿನವನು ಎಂಬುದು ಓದುಗನಿಗೆ ತಿಳಿದರೆ ಅವನ ಕೆಲಸ ಮುಗಿಯಿತು. ಕಾವ್ಯನಾಮ ಎಂದೊಡನೆ ನಮಗೆ ಮುಖ ಮರೆಸುವ ಬಣ್ಣ ನೆನಪಾಗುತ್ತದೆ. ಗುಬ್ಬಿ, ಕುಣಿಗಲ್, ತುಮಕೂರು ಸೀಮೆಯ ಐದುನೂರು ವರ್ಷದ ಬರವಣಿಗೆಯನ್ನು ನೋಡಿದರೆ ಕಾಣುವುದು ಇದಕ್ಕೆ ತಿರುಗಾಮುರುಗ. ಇಲ್ಲಿ ಬರೆಯುವವನ ಹೆಸರು ಅವನು ಅವಿತುಕೊಳ್ಳುವ ಜಾಗವಾಗಿರಲಿಲ್ಲ, ಬರೆದದ್ದು ಯಾರಿಗೆ ಸೇರಿದ್ದು ಎಂದು ತೋರಿಸುವ ವಿಳಾಸವಾಗಿತ್ತು. ಕಥೆಯೊಳಗಿನ ಪಾತ್ರಕ್ಕೆ ಹೆಸರಿಡುವ ತೊಡಕೂ ಇದೇ ಬೇರಿನಿಂದ ಹುಟ್ಟಿದ್ದು ಎಂಬುದು ನನ್ನ ವಾದ.

ಕುಣಿಗಲ್ ತಾಲ್ಲೂಕಿನ ಕಗ್ಗೆರೆಯಿಂದ ಶುರುಮಾಡಬಹುದು. ಹರದನಹಳ್ಳಿಯಲ್ಲಿ ಹುಟ್ಟಿದ ಸಿದ್ಧಲಿಂಗ ಯತಿ ನಾಗಿನಿ ಹೊಳೆಯ ದಡದ ಈ ಊರಿಗೆ ಬಂದು ಒಂದು ತೋಟದಲ್ಲಿ ತಪಸ್ಸಿಗೆ ಕೂತರು. ತೋಟದಲ್ಲಿ ಕೂತವರು ತೋಂಟದ ಸಿದ್ಧಲಿಂಗರಾದರು. ಆ ಹೆಸರನ್ನು ಇಟ್ಟದ್ದು ನೋಡಿದ ಜನ; ಅವರಾಗಿ ಇಟ್ಟುಕೊಂಡದ್ದಲ್ಲ. ಅವರ ಗದ್ದುಗೆ ಹತ್ತಿರದ ಎಡೆಯೂರಿನಲ್ಲಿದೆ. ಅವರ ‘ಷಟ್‌ಸ್ಥಲ ಜ್ಞಾನಸಾರಾಮೃತ’ದಲ್ಲಿ 701 ವಚನಗಳಿವೆ. ಅವುಗಳ ಕೊನೆಗೆ ಬರುವ ಅಂಕಿತ ‘ಮಹಾಲಿಂಗಗುರು ಶಿವಸಿದ್ಧೇಶ್ವರ ಪ್ರಭು’. ಇಲ್ಲಿ ತೋಟವೂ ಇಲ್ಲ, ಎಡೆಯೂರೂ ಇಲ್ಲ. ಮಾತು ಯಾರ ಪಾದಕ್ಕೆ ಒಪ್ಪಿಸಿದ್ದೋ ಆ ಹೆಸರು ಮಾತ್ರ ಇದೆ. ಶಿಷ್ಯರೂ ಇದೇ ದಾರಿ ಹಿಡಿದರು. ಸ್ವತಂತ್ರ ಸಿದ್ಧಲಿಂಗೇಶ್ವರರ ಅಂಕಿತ ‘ನಿಜಗುರು ಸ್ವತಂತ್ರ ಸಿದ್ಧಲಿಂಗೇಶ್ವರ’. ಅದರಲ್ಲಿ ಗುರುವಿನ ಹೆಸರು, ದೇವರ ಹೆಸರು, ತಮ್ಮ ಹೆಸರು ಮೂರೂ ಬೇರ್ಪಡಿಸಲಾಗದಂತೆ ಕಲೆತಿವೆ. ಇನ್ನೊಂದು ತಲೆಮಾರು ಕಳೆಯುವಷ್ಟರಲ್ಲಿ ‘ಸಿದ್ಧೇಶ್ವರ ಪುರಾಣ’ ಬರೆದು ಈ ಗುರುವಿನ ಚರಿತ್ರೆ ಹೇಳಿದ ಕವಿಯ ಹೆಸರು ವಿರಕ್ತ ತೋಂಟದಾರ್ಯ. ‘ಕರ್ಣಾಟಕ ಶಬ್ದಮಂಜರಿ’ ಎಂಬ ನಿಘಂಟೂ ಅವನದೇ. ಕಗ್ಗೆರೆಯ ಒಂದು ತೋಟ ಹೀಗೆ ಮೊದಲು ಯತಿಗೆ, ಆಮೇಲೆ ಕವಿಗೆ ಹೆಸರಾಯಿತು. ಆ ಕವಿಯ ಹೆಸರು ಹೇಳಿದವನು ಅರಿಯದೆಯೇ ಗುರುವಿನ ಹೆಸರನ್ನೂ ಹೇಳಿರುತ್ತಾನೆ.

ಇದಕ್ಕೊಂದು ಆಕ್ಷೇಪ ಸಹಜ. ಅಂಕಿತ ಭಕ್ತಿಯ ಗುರುತು, ಕಾವ್ಯನಾಮ ಲೇಖಕನ ಆಯ್ಕೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯೇ? ಸರಿ ಎಂದೇ ನನ್ನ ಲೆಕ್ಕ. ಎರಡೂ ಬರಹದ ಕೊನೆಯಲ್ಲಿ, ಕೇಳುವವನ ಕಿವಿಯಲ್ಲಿ ಉಳಿಯಬೇಕಾದ ಜಾಗದಲ್ಲಿ ಕೂರುತ್ತವೆ. ‘ಇದು ಯಾರದು’ ಎಂಬ ಒಂದೇ ಪ್ರಶ್ನೆಗೆ ಉತ್ತರ ಕೊಡುತ್ತವೆ. ಬೇರೆಯಾಗಿರುವುದು ಉತ್ತರ. ಅಂಕಿತ ಲೇಖಕನ ಹೆಸರಲ್ಲ ಎಂಬುದಕ್ಕೆ ವಚನ ಸಂಪುಟಗಳಲ್ಲೇ ಪುರಾವೆ ಇದೆ: ಅಂಕಿತ ಮಾತ್ರ ಉಳಿದು ಬರೆದವರು ಯಾರೆಂದು ತಿಳಿಯದ ವಚನಗಳು ಕಡಿಮೆಯೇನಿಲ್ಲ. ಹರಿದಾಸರಲ್ಲಂತೂ ಅಂಕಿತವನ್ನು ಗುರು ಕೊಡಬೇಕು, ಶಿಷ್ಯ ಪಡೆಯಬೇಕು. ಆರಿಸಿಕೊಳ್ಳುವ ಮಾತೇ ಇಲ್ಲ. ಇನ್ನು ಅಂಬಿಗರ ಚೌಡಯ್ಯ ಇದ್ದಾನೆ. ಹನ್ನೆರಡನೆಯ ಶತಮಾನದಲ್ಲಿ ತನ್ನ ಹೆಸರನ್ನೇ ಅಂಕಿತ ಮಾಡಿಕೊಂಡವನು. ಅವನನ್ನು ತೋರಿಸಿ ‘ನೋಡಿ, ವ್ಯಕ್ತಿಯ ಹೆಸರು ಆಗಲೇ ಬಂದಿತ್ತು’ ಎನ್ನಬಹುದು. ಆದರೆ ಚೌಡಯ್ಯ ಬರಿಯ ಚೌಡಯ್ಯನೆಂದು ರುಜು ಹಾಕಲಿಲ್ಲ, ಅಂಬಿಗರ ಚೌಡಯ್ಯ ಎಂದ. ದೇವರ ಜಾಗಕ್ಕೆ ಕಾಯಕವನ್ನು ತಂದ. ವಿಳಾಸ ಬದಲಾಯಿತು, ವಿಳಾಸ ಹೇಳುವ ಅಭ್ಯಾಸ ಬದಲಾಗಲಿಲ್ಲ.

ಹೊಸ ಕಾಲಕ್ಕೆ ಬಂದರೆ ಗುರುವಿನ ಜಾಗದಲ್ಲಿ ಊರು ಕಾಣಿಸಿಕೊಳ್ಳುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಮೈಸೂರು ಅರಮನೆಯ ವಿದ್ವತ್ಸಭೆಯಲ್ಲಿದ್ದ ನೈಯಾಯಿಕರು ಕುಣಿಗಲು ರಾಮಶಾಸ್ತ್ರಿಗಳು. ತುಮಕೂರಿಗೆ ಹತ್ತಿರದ ಬೆಳ್ಳಾವಿಯಿಂದ ಬಂದವರು ಬೆಳ್ಳಾವೆ ನರಹರಿಶಾಸ್ತ್ರಿಗಳು; ಗುಬ್ಬಿ ಕಂಪನಿಗೆ ‘ಸದಾರಮೆ’ ಬರೆದುಕೊಟ್ಟವರು, 1934ರ ‘ಸತಿ ಸುಲೋಚನ’ಕ್ಕೆ ಮಾತು ಹಾಡು ಬರೆದು ಕನ್ನಡ ಸಿನಿಮಾದ ಮೊದಲ ಸಾಹಿತಿ ಎನಿಸಿಕೊಂಡವರು. ಕಂಪನಿಯ ಹೆಸರನ್ನೇ ನೋಡಿ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದಾಗ ಅದು ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘ. ಈ ಚನ್ನಬಸವೇಶ್ವರರು ಗುಬ್ಬಿಯಲ್ಲಿ ಗದ್ದುಗೆಯಿರುವ ಗೋಸಲ ಚನ್ನಬಸವೇಶ್ವರರು, ಎಡೆಯೂರು ಸಿದ್ಧಲಿಂಗರ ಗುರು. ಶಿಷ್ಯನ ವಚನದ ಕೊನೆಯಲ್ಲಿ ಕೂತಿದ್ದ ಪದ್ಧತಿ ನಾಲ್ಕು ಶತಮಾನ ದಾಟಿ ಗುರುವಿನ ಊರಿನ ನಾಟಕದ ಹ್ಯಾಂಡ್‌ಬಿಲ್ಲಿನ ನೆತ್ತಿಗೆ ಬಂತು. ‘ಕೃಪಾಪೋಷಿತ’ ಎಂಬುದನ್ನು ಇವತ್ತು ಹಳೆಯ ಕಂಪನಿಗಳ ಆಡಂಬರ ಎಂದು ನಕ್ಕುಬಿಡುವವರಿದ್ದಾರೆ; ಅದು ಅಂಕಿತವೇ. ಟಿಕೀಟು ಮಾರುವವರಿಗೂ ತಮ್ಮ ಆಟ ಯಾರ ಹೆಸರಿನಲ್ಲಿ ನಡೆಯುತ್ತಿದೆ ಎಂದು ಹೇಳದೆ ಪರದೆ ಎತ್ತುವುದು ಸಾಧ್ಯವಿರಲಿಲ್ಲ. ಕಂಪನಿಯ ಒಡೆಯರಾದ ಗುಬ್ಬಿ ಹಂಪಣ್ಣ ವೀರಣ್ಣನವರ ಹೆಸರಿನಲ್ಲಿ ಊರು, ತಂದೆ, ತಾವು ಸಾಲಾಗಿ ನಿಂತಿದ್ದರು. ಜನ ನಡುವಿನವರನ್ನು ಬಿಟ್ಟು ಊರನ್ನು ಉಳಿಸಿಕೊಂಡರು.

ಊರಿನ ಹೆಸರು ಬರಿಯ ಗುರುತಿನ ಚೀಟಿ, ಒಂದೇ ಹೆಸರಿನ ಹತ್ತು ಜನರನ್ನು ಬೇರೆ ಮಾಡುವ ಅನುಕೂಲ, ಅದರಲ್ಲಿ ಇಷ್ಟೊಂದು ಅರ್ಥ ಹುಡುಕಬೇಕೇ ಎಂದು ಕೇಳಬಹುದು. ಅನುಕೂಲವೂ ಹೌದು. ಆದರೆ ಯಾವ ಊರನ್ನು ಇಟ್ಟುಕೊಳ್ಳುತ್ತಾರೆ ಎಂಬುದರಲ್ಲಿ ಅನುಕೂಲಕ್ಕಿಂತ ಹೆಚ್ಚಿನದು ಇದೆ. ಬಿ.ಎಂ. ಶ್ರೀಕಂಠಯ್ಯನವರು 1884ರಲ್ಲಿ ಹುಟ್ಟಿದ್ದು ಇದೇ ಜಿಲ್ಲೆಯ ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ, ತಾಯಿಯ ತವರಿನಲ್ಲಿ. ಹೆಸರಿನ ಮೊದಲಕ್ಷರ ಮಾತ್ರ ತಂದೆ ಮೈಲಾರಯ್ಯನವರ ಕಡೆಯ ಬೆಳ್ಳೂರಿನದು. ಹುಟ್ಟಿದ ಊರು ಹೆಸರಿನೊಳಗೆ ಬರಲಿಲ್ಲ, ವಂಶದ ಊರು ಬಂತು. ಗುರುತು ಹಿಡಿಯುವುದಷ್ಟೇ ಉದ್ದೇಶವಾಗಿದ್ದರೆ ಯಾವ ಊರಾದರೂ ಆಗುತ್ತಿತ್ತು. ತಾಯಿಯ ಊರು ಹೆಸರಿಗೆ ಹೊರಗುಳಿದದ್ದು ಈ ವಿಳಾಸದ ಪದ್ಧತಿಯ ಕುಂದು. ಆ ಲೋಪವನ್ನು ಯಾರೂ ಲೋಪವೆಂದು ಎಣಿಸದೆ ಇದ್ದದ್ದು ಪದ್ಧತಿ ಎಷ್ಟು ಬಿಗಿಯಾಗಿತ್ತು ಎಂಬುದರ ಗುರುತು.

ಇಂಗ್ಲಿಷ್ ಶಾಲೆ ಮತ್ತು ಸರ್ಕಾರಿ ಕಚೇರಿಗಳು ತಂದ ಇನಿಷಿಯಲ್ಲುಗಳು ಊರನ್ನೂ ತಂದೆಯನ್ನೂ ಒಂದೊಂದು ಅಕ್ಷರಕ್ಕೆ ಇಳಿಸಿದವು. ಅಲ್ಲಿಗೆ ವಿಳಾಸ ಅಳಿಸಿಹೋಗಬೇಕಿತ್ತು. ಹಾಗಾಗಲಿಲ್ಲ. ಶ್ರೀಕಂಠಯ್ಯನವರ ಕಾವ್ಯನಾಮ ‘ಶ್ರೀ’. ತಮ್ಮ ಹೆಸರಿನ ಮೊದಲ ಅಕ್ಷರವನ್ನೇ ಎತ್ತಿ ಇಟ್ಟುಕೊಂಡದ್ದು. ಕಾವ್ಯನಾಮಗಳಲ್ಲಿ ಇದಕ್ಕಿಂತ ಚಿಕ್ಕದು, ಇದಕ್ಕಿಂತ ಕಡಿಮೆ ಮರೆಮಾಡುವಂಥದು ಇರಲಾರದು. ಓದುಗರು ಅಷ್ಟನ್ನೂ ಒಪ್ಪಲಿಲ್ಲ. ಬೆಳ್ಳೂರಿನ ‘ಬಿ’ಯನ್ನೂ ಮೈಲಾರಯ್ಯನವರ ‘ಎಂ’ ಅನ್ನೂ ಮತ್ತೆ ತಂದು ಅಂಟಿಸಿ ಬಿಎಂಶ್ರೀ ಎಂದರು. ಅದಕ್ಕೆ ಕಾರಣವೂ ಇತ್ತು. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ 1906ರಲ್ಲಿ ಇನ್ನೊಬ್ಬ ಶ್ರೀಕಂಠಯ್ಯ ಹುಟ್ಟಿದ್ದರು. ‘ಒಲುಮೆ’ಯ ಕವಿ, ‘ಭಾರತೀಯ ಕಾವ್ಯಮೀಮಾಂಸೆ’ಯ ವಿದ್ವಾಂಸ, ತೀರ್ಥಪುರದ ನಂಜುಂಡಯ್ಯನವರ ಮಗ, ತೀನಂಶ್ರೀ. ಒಂದೇ ಜಿಲ್ಲೆಯಲ್ಲಿ ಹುಟ್ಟಿದ ಇಬ್ಬರು ಶ್ರೀಕಂಠಯ್ಯರಲ್ಲಿ ಯಾವ ‘ಶ್ರೀ’ ಎಂದು ಕೇಳಿದರೆ ಉತ್ತರ ಊರಿನ ಅಕ್ಷರದಲ್ಲಿತ್ತು. ಗುಬ್ಬಿಯ ಇಬ್ಬರು ಮಲ್ಲಣರ ಪೇಚಿನಂಥದೇ ಇದೂ; ಅಲ್ಲಿ ಊರು ಬಿಡಿಸದಿದ್ದುದನ್ನು ಇಲ್ಲಿ ಊರೇ ಬಿಡಿಸಿತು. ಮುಂದೆ ಕುವೆಂಪು, ಅನಕೃ ಎಂದು ಇನಿಷಿಯಲ್ಲನ್ನು ಹೆಸರಿಗೆ ಹೊಲಿದುಬಿಡುವ ರೂಢಿ ಕನ್ನಡದಲ್ಲಿ ಎಷ್ಟು ಸಹಜವಾಯಿತೆಂದರೆ ಅದೂ ಕಾವ್ಯನಾಮವೇ ಎಂದು ನೆನಪಿಸಿಕೊಳ್ಳಬೇಕಾಗುತ್ತದೆ. ತುಮಕೂರಿನ ಕವಿ ವಿ. ಚಿಕ್ಕವೀರಯ್ಯನವರು ಇದೇ ದಾರಿಯಲ್ಲಿ ‘ವೀಚಿ’ಯಾದರು, ಈಗ ತುಮಕೂರಿನಲ್ಲಿ ವೀಚಿ ಹೆಸರಿನಲ್ಲೊಂದು ಸಾಹಿತ್ಯ ಪ್ರಶಸ್ತಿಯೂ ಇದೆ. ಶಿರಾ ತಾಲ್ಲೂಕಿನ ರಾಮಚಂದ್ರಪ್ಪನವರ ವಿಷಯದಲ್ಲಂತೂ ಊರು ಹೆಸರನ್ನೇ ನುಂಗಿಹಾಕಿತು: ‘ಬರಗೂರರು ಹೇಳಿದರು’ ಎಂದರೆ ಸಾಕು.

ಮುಖ ಮರೆಸುವ ಕಾವ್ಯನಾಮ ಕನ್ನಡದಲ್ಲಿ ಇರಲೇ ಇಲ್ಲವೆ? ಇತ್ತು, ನನ್ನ ವಾದಕ್ಕೆ ಎದುರಾಗಿ ನಿಲ್ಲುವ ಬಲವಾದ ಸಾಕ್ಷಿಗಳು ಅಲ್ಲಿವೆ. ನಂದಳಿಕೆಯ ಲಕ್ಷ್ಮೀನಾರಣಪ್ಪ ಮುದ್ದಣನಾದದ್ದಷ್ಟೇ ಅಲ್ಲ, ತಾನು ಬರೆದದ್ದನ್ನು ಯಾರೋ ಹಳೆಯ ಕವಿಯ ಓಲೆಗರಿ ಎಂದು ನಂಬಿಸಿ ಅಚ್ಚುಹಾಕಿಸಿದ. ಅನಸೂಯಾ ಅವರು ತ್ರಿವೇಣಿಯಾದರು, ವೆಂಕಟಲಕ್ಷ್ಮಿಯವರು ಅನುಪಮಾ ಆದರು. ಹೆಣ್ಣೊಬ್ಬಳು ಮನೆ ಮಾತು ಬರೆದರೆ ಮನೆಯವರ ಮುಖ ನೋಡುವ ಸಮಾಜದಲ್ಲಿ ಬೇರೆ ಹೆಸರು ಒಂದು ಬಗೆಯ ರಕ್ಷಣೆ ಎಂಬುದನ್ನು ತಳ್ಳಿಹಾಕಲಾಗದು. ಅಷ್ಟರಮಟ್ಟಿಗೆ ನನ್ನ ವಾದ ಬಾಗಬೇಕು. ಆದರೂ ಅನುಪಮಾ ನಿರಂಜನ ಎಂಬ ಹೆಸರಿನ ದ್ವಿತೀಯಾರ್ಧ ಬಂದದ್ದು ಎಲ್ಲಿಂದ? ಕುಳಕುಂದ ಶಿವರಾಯರು ತಮಗೆ ಇಟ್ಟುಕೊಂಡ ಕಾವ್ಯನಾಮ ನಿರಂಜನ. ಅದು ಪತ್ನಿಯ ಹೆಸರಿಗೆ ಬಂತು, ಹೆಣ್ಣುಮಕ್ಕಳ ಹೆಸರಿಗೂ ಬಂತು. ಅವಿತುಕೊಳ್ಳಲು ತೊಟ್ಟ ಹೆಸರೂ ಕನ್ನಡದಲ್ಲಿ ಒಂದು ತಲೆಮಾರಿನಲ್ಲೇ ಮನೆತನದ ಹೆಸರಾಗಿಬಿಡುತ್ತದೆ.

ನಿಜವಾಗಿ ವಿಳಾಸ ಅಳಿಸಿದ್ದು ಸಿನಿಮಾ. 1954ರ ‘ಬೇಡರ ಕಣ್ಣಪ್ಪ’ ಗುಬ್ಬಿ ಕರ್ನಾಟಕ ಪ್ರೊಡಕ್ಷನ್ಸ್ ಚಿತ್ರ. ನಾಯಕನಾಗಿ ಬಂದವರು ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಜೊತೆ ಗುಬ್ಬಿ ಕಂಪನಿಯಲ್ಲಿ ಬಣ್ಣ ಹಚ್ಚಿದ್ದ ಮುತ್ತುರಾಜ್. ಮುತ್ತತ್ತಿರಾಯನ ಹರಕೆಯ ಹೆಸರು ಅದು; ಕಾವೇರಿ ದಡದ ದೇವರು ಆ ಹೆಸರಿನಲ್ಲೇ ಇದ್ದ. ನಿರ್ದೇಶಕ ಎಚ್.ಎಲ್.ಎನ್. ಸಿಂಹ ಅದನ್ನು ತೆಗೆದು ರಾಜ್‌ಕುಮಾರ್ ಎಂದು ಇಟ್ಟರು. ಈ ಹೆಸರಿಗೆ ಊರಿಲ್ಲ, ಹರಕೆಯಿಲ್ಲ, ಬೊಂಬಾಯಿಯಲ್ಲೂ ನಡೆಯುತ್ತದೆ. ಚನ್ನಬಸವೇಶ್ವರನ ಕೃಪೆಯನ್ನು ಹಣೆಗೆ ಬರೆದುಕೊಂಡು ಹೊರಟ ಬಳಗದ ಹೆಸರಿದ್ದ ಚಿತ್ರದಲ್ಲೇ ಇದು ನಡೆದದ್ದು ಗಮನಿಸಬೇಕಾದ ಸಂಗತಿ. ಜನರೇನೋ ಮುತ್ತುರಾಜನನ್ನು ಮರೆಯಲಿಲ್ಲ.

ಕೆಲಸ ಮಾಡಿದವನ ಹೆಸರೇ ಇಲ್ಲದಿದ್ದಾಗ ಏನಾಗುತ್ತದೆ ಎಂಬುದಕ್ಕೆ ತುಮಕೂರಿನ ಮಗ್ಗುಲಲ್ಲೇ ಕೈದಾಳವಿದೆ. ಅಲ್ಲಿನ ಚೆನ್ನಕೇಶವ ಗುಡಿಯನ್ನು ಹೊಯ್ಸಳ ನರಸಿಂಹನ ಸಾಮಂತ ಬಾಚಿ 1150ರ ಸುಮಾರಿಗೆ ಕಟ್ಟಿಸಿದನೆಂದು ಶಾಸನ ಹೇಳುತ್ತದೆ. ಕಟ್ಟಿಸಿದವನ ಹೆಸರು ಕಲ್ಲಿನಲ್ಲಿದೆ, ಆದರೂ ಜನರ ಬಾಯಲ್ಲಿ ಅವನಿಲ್ಲ. ದಂತಕಥೆಯ ಶಿಲ್ಪಿ ಜಕಣಾಚಾರಿ, ಅವನ ಮಗ ಡಂಕಣ, ವಿಗ್ರಹದ ಹೊಟ್ಟೆಯಲ್ಲಿ ಕಪ್ಪೆ, ಕತ್ತರಿಸಿಕೊಂಡ ಕೈ ಮತ್ತೆ ಬಂದದ್ದು ಎಲ್ಲವೂ ಬಾಯಲ್ಲಿವೆ. ಬೇಲೂರು ಹಳೇಬೀಡುಗಳಲ್ಲಿ ಮೂರ್ತಿಗಳ ಕೆಳಗೆ ರುಜು ಹಾಕಿದ ಶಿಲ್ಪಿಗಳು ಬೇಕಾದಷ್ಟು ಜನ. ದಾಸೋಜ ತಾನು ಬಳ್ಳಿಗಾವೆಯವನೆಂದು ಊರಿನ ಸಮೇತ ಬರೆದುಕೊಂಡಿದ್ದಾನೆ. ಜಕಣಾಚಾರಿಯ ರುಜು ಮಾತ್ರ ಸಿಕ್ಕುವುದಿಲ್ಲ, ‘ದಕ್ಷಿಣಾಚಾರ್ಯ’ ಎಂಬ ಪರಂಪರೆಯ ಹೆಸರೇ ವ್ಯಕ್ತಿಯಾಗಿರಬೇಕು ಎಂದು ವಿದ್ವಾಂಸರು ಊಹಿಸಿದ್ದಾರೆ. ರುಜುವಿಲ್ಲದ ಕೆಲಸಕ್ಕೆ ಜನ ಒಬ್ಬ ಕರ್ತೃವನ್ನು ಸೃಷ್ಟಿಸಿದರು, ಅವನಿಗೆ ಹುಟ್ಟೂರು ಕೊಟ್ಟರು, ಮಗನನ್ನು ಕೊಟ್ಟರು. ‘ಮೂಡಲ ಕುಣಿಗಲ ಕೆರೆ’ಯ ಹಾಡಿನ ಪಾಡು ಬೇರೆ. ಅದನ್ನು ಕಟ್ಟಿದವರ ಹೆಸರು ಯಾರಿಗೂ ಬೇಕಾಗಲಿಲ್ಲ, ಏಕೆಂದರೆ ಹಾಡಿನ ಮೊದಲ ಮಾತಿನಲ್ಲೇ ವಿಳಾಸವಿತ್ತು.

ಪಾತ್ರಗಳ ಹೆಸರಿಗೆ ಬರುತ್ತೇನೆ. ಬಿಎಂಶ್ರೀ 1926ರಲ್ಲಿ ರನ್ನನ ಕಾವ್ಯವನ್ನು ‘ಗದಾಯುದ್ಧ ನಾಟಕಂ’ ಆಗಿ ರಂಗಕ್ಕೆ ಒಗ್ಗಿಸಿದಾಗ ಹೆಸರಿನ ಸಮಸ್ಯೆ ಬರಲಿಲ್ಲ, ದುರ್ಯೋಧನ ದುರ್ಯೋಧನನೇ. 1935ರ ‘ಪಾರಸಿಕರು’ ನಾಟಕದಲ್ಲೂ ಬರಲಿಲ್ಲ. ಈಸ್ಕಿಲಸನ ಪರ್ಷಿಯನ್ನರು ಕನ್ನಡ ಮಾತಾಡಿದರೂ ಪರ್ಷಿಯನ್ನರಾಗಿಯೇ ಉಳಿದರು. ಇವೆರಡರ ನಡುವೆ, 1929ರ ‘ಅಶ್ವತ್ಥಾಮನ್’ನಲ್ಲಿ ಅವರು ಕೈಹಾಕಿದ್ದು ನಿಜವಾದ ತೊಡಕಿಗೆ. ಸಾಫೊಕ್ಲಿಸನ ಏಜಾಕ್ಸ್ ಹಗೆಗಳೆಂದು ಭ್ರಮಿಸಿ ದನಕುರಿಗಳನ್ನು ಕೊಂದು, ಅರಿವು ಬಂದಮೇಲೆ ಅವಮಾನ ತಾಳದೆ ತನ್ನ ಕತ್ತಿಯ ಮೇಲೆ ತಾನೇ ಬಿದ್ದು ಸಾಯುವ ವೀರ. ಈ ಕಥೆಗೆ ಮಹಾಭಾರತದೊಳಗೆ ಒಬ್ಬನನ್ನು ಹುಡುಕಬೇಕು. ಇರುಳಿನ ಕೊಲೆ, ಕುರುಡು ರೋಷ, ಸೋತ ಪಕ್ಷದ ಒಂಟಿತನ ಎಲ್ಲ ಕೂಡಿಬರುವವನು ಅಶ್ವತ್ಥಾಮನೊಬ್ಬನೇ, ಆಯ್ಕೆಯಲ್ಲಿ ಜಾಣ್ಮೆಯಿದೆ. ಆದರೆ ಅಶ್ವತ್ಥಾಮ ಚಿರಂಜೀವಿ. ಏಳು ಚಿರಂಜೀವಿಗಳನ್ನು ಬೆಳಿಗ್ಗೆ ಎದ್ದು ನೆನೆಯುವ ಮನೆಗಳಲ್ಲಿ ಬೆಳೆದ ಓದುಗನಿಗೆ ಅವನು ರಂಗದ ಮೇಲೆ ಸಾಯುವುದನ್ನು ನೋಡಿ ನಂಬುವುದು ಹೇಗೆ? ನಾಟಕದ ಕನ್ನಡ ಎಷ್ಟೇ ಗಟ್ಟಿಯಾಗಿದ್ದರೂ ಈ ಆಕ್ಷೇಪ ಅದನ್ನು ಬಿಡಲಿಲ್ಲ. ಬೇರೆ ಹೆಸರು, ಯಾರೂ ಕೇಳದ ಹೊಸ ಹೆಸರು ಇಟ್ಟಿದ್ದರೆ ಸಾವು ನಿರಾಳವಾಗಿ ನಡೆಯುತ್ತಿತ್ತು. ಆದರೆ ಆ ಸಾವು ಯಾರಿಗೂ ತಾಗುತ್ತಲೂ ಇರಲಿಲ್ಲ. ಹೆಸರು ತಂದುಕೊಡುವ ಬಲವೂ ಅದು ಹೇರುವ ಕಟ್ಟೂ ಒಂದೇ ಕಡೆಯಿಂದ ಬರುತ್ತವೆ. ಪಾತ್ರಕ್ಕೂ ವಿಳಾಸವಿದೆ, ನಾಟಕಕಾರ ಅದನ್ನು ಬಾಡಿಗೆಗೆ ಪಡೆಯಬಹುದು, ಮನೆ ಕೆಡವುವಂತಿಲ್ಲ. ಗುಬ್ಬಿ ಕಂಪನಿಯ ‘ಸದಾರಮೆ’ ಈ ಲೆಕ್ಕದಲ್ಲಿ ಚುರುಕು. ಅಲ್ಲಿ ವೀರಣ್ಣನವರಿಗೆ ಹೆಸರು ತಂದ ಪಾತ್ರಕ್ಕೆ ಜನರ ಬಾಯಲ್ಲಿ ಹೆಸರೇ ಇಲ್ಲ. ಅವನು ಕಳ್ಳ, ಅಷ್ಟೆ. ಹೆಸರಿಲ್ಲದವನಿಗೆ ಪುರಾಣದ ಕಟ್ಟಿಲ್ಲ, ಜಾತಿಯ ಕಟ್ಟಿಲ್ಲ. ಅವನು ರಾತ್ರಿಗೊಂದು ಮಾತು ಸೇರಿಸಬಹುದು.

ಕಾದಂಬರಿಗೆ ಈ ಬಿಡುಗಡೆ ಇಲ್ಲ. ಈ ಸೀಮೆಯ ಕಥೆ ಬರೆಯುವವನು ತನ್ನ ನಾಯಕನಿಗೆ ಸಿದ್ಧಲಿಂಗಯ್ಯ, ಚನ್ನಬಸಪ್ಪ, ರಂಗಪ್ಪ ಎಂದಿಟ್ಟ ಕೂಡಲೇ ಅರ್ಧ ಕಥೆಯನ್ನು ಬಿಟ್ಟುಕೊಟ್ಟಂತೆ ಎಂಬುದು ಬರೆಯುವವರ ಹಳೆಯ ದೂರು: ಓದುಗ ಮೊದಲ ಪುಟದಲ್ಲೇ ಜಾತಿ ಲೆಕ್ಕ ಹಾಕಿಬಿಡುತ್ತಾನೆ. ಅದಕ್ಕಾಗಿಯೇ ಎಷ್ಟೋ ಲೇಖಕರು ಅಯ್ಯ, ಅಪ್ಪಗಳನ್ನು ಕತ್ತರಿಸಿ ಊರುಕೇರಿ ಇಲ್ಲದ ಹೆಸರುಗಳನ್ನು ಇಡಲು ಶುರುಮಾಡಿದರು. ದೂರಿನಲ್ಲಿ ಹುರುಳಿದೆ, ಪರಿಹಾರದಲ್ಲಿ ನನಗೆ ಅಷ್ಟು ನಂಬಿಕೆಯಿಲ್ಲ. ಎಡೆಯೂರು ಸಿದ್ಧಲಿಂಗರ ಹೆಸರು ಹೊತ್ತವರೆಲ್ಲ ಒಂದೇ ಮಠದ ಒಕ್ಕಲಲ್ಲ. ‘ಊರುಕೇರಿ’ ಬರೆದ ಮಾಗಡಿ ಕಡೆಯ ದಲಿತ ಕವಿಯ ಹೆಸರೂ ಸಿದ್ಧಲಿಂಗಯ್ಯ. ಮುಖ್ಯಮಂತ್ರಿಯಾದ ಬೂಕನಕೆರೆಯ ಲಿಂಗಾಯತರೊಬ್ಬರಿಗೆ ಎಡೆಯೂರಿನ ಹೆಸರೇ ಹೆಸರಾಯಿತು. ಹರಕೆ ಹೊತ್ತ ತಾಯಂದಿರು ಜಾತಿ ಕೇಳಿ ಹೆಸರಿಡಲಿಲ್ಲ. ಹಾಗಾಗಿ ಸಿದ್ಧಲಿಂಗಯ್ಯ ಎಂಬ ಪಾತ್ರ ಎದುರಾದಾಗ ಜಾತಿ ತಿಳಿಯಿತೆಂದುಕೊಂಡ ಓದುಗ ನಾಲ್ಕು ಪುಟ ಕಳೆದಮೇಲೆ ಎಡವುವ ಸಾಧ್ಯತೆ ಹೆಚ್ಚು. ಕಥೆಗಾರನಿಗೆ ಅದಕ್ಕಿಂತ ಒಳ್ಳೆಯ ಅವಕಾಶ ಸಿಗುವುದಿಲ್ಲ. ಆ ಹೆಸರು ಖಚಿತವಾಗಿ ಹೇಳುವುದು ಒಂದನ್ನೇ: ಈ ಮಗುವಿನ ತಾಯಿಯೋ ಅಜ್ಜಿಯೋ ಯಾವುದೋ ಒಂದು ದಿನ ಕುಣಿಗಲ್ ದಾಟಿ ಎಡೆಯೂರಿಗೆ ಹೋಗಿದ್ದಳು. ವಂಶದ ಊರನ್ನೇ ಬರೆಯುತ್ತ ಬಂದ ಇನಿಷಿಯಲ್ಲುಗಳಿಗೆ ಸಂಪಿಗೆಯ ತವರುಮನೆ ಕಾಣಲಿಲ್ಲ. ಹರಕೆಯ ಹೆಸರುಗಳಲ್ಲಿ ಹೆಂಗಸರು ನಡೆದ ದಾರಿ ಉಳಿದುಕೊಂಡಿದೆ, ನಮ್ಮ ಕಾದಂಬರಿಕಾರರು ಅದನ್ನು ಇನ್ನೂ ಸರಿಯಾಗಿ ಬಳಸಿಕೊಂಡಿಲ್ಲ.